ಸೋಡಾ ಕಾರ್ಖಾನೆ ಇದ್ದ ಜಾಗದಿಂದ ಅರ್ಧ ಬೀದಿ ಮೇಲಕ್ಕೆ

ಮಾಸತೆಪೆಯ ಹೆದ್ದಾರಿಯ ಎರಡೂ ಬದಿಗೆ ತೂಗುಕುರ್ಚಿ ಮಾಡುವವರ ಅಂಗಡಿಗಳಿವೆ. ಎಲ್ಲರದೂ ಒಂದೇ ಮರ, ಒಂದೇ ಬೆತ್ತದ ಹೆಣಿಗೆ, ಹೆಚ್ಚುಕಡಿಮೆ ಒಂದೇ ದರ. ಮನಾಗುವಾದಿಂದ ಕಾರಿನಲ್ಲಿ ಬರುವ ಗಿರಾಕಿಗಳು ಯಾವ ಅಂಗಡಿಯ ಮುಂದೆ ನೆರಳಿದೆಯೋ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಕುಶಲತೆಗೂ ವ್ಯಾಪಾರಕ್ಕೂ ಅಲ್ಲಿರುವ ಸಂಬಂಧ ಅಷ್ಟೇ. ಮೇಸ್ತ್ರಿ ಎವೆನೋರ್ ಪೊತೊಸ್ಮೆಯ ಅಂಗಡಿಯ ಮುಂದೆ ನೆರಳಿರಲಿಲ್ಲ. ಇದ್ದೊಂದು ಮರವನ್ನು ಅವನೇ ಒಂದು ವರ್ಷ ಕಡಿದು, ಕುರ್ಚಿ ಮಾಡಿ ಮಾರಿಬಿಟ್ಟಿದ್ದ. ಆದ್ದರಿಂದ ಅವನು ನೆರಳಿನ ಬದಲು ಒಂದು ಬೋರ್ಡು ಹಾಕಿಸಿದ: ‘ನಮ್ಮ ಕುರ್ಚಿಯಲ್ಲಿ ಒಂದೇ ಒಂದು ಸ್ಕ್ರೂ ಇಲ್ಲ. ಬರೀ ಮರ, ಬರೀ ಮರ್ಯಾದೆ.’

ಈ ಬೋರ್ಡಿನಲ್ಲಿ ಸತ್ಯದ ಅಂಶ ಬಹಳವಿತ್ತು. ಬೆನ್ನು, ತೋಳು, ಆಸನ ಎಲ್ಲವನ್ನೂ ಎವೆನೋರ್ ಮರಕ್ಕೆ ಮರ ಕಚ್ಚಿಸಿ, ಅಂಟು ಹಚ್ಚಿಯೇ ಕೂಡಿಸುತ್ತಿದ್ದ. ಆದರೆ ಕುರ್ಚಿಯ ಕಾಲುಗಳು ಕೆಳಗಿನ ಬಾಗುಮರವನ್ನು ಸೇರುವ ಜಾಗ ಒಂದಿದೆಯಲ್ಲ, ಅಲ್ಲಿ ಕೂತವರ ಭಾರ ಸುಮ್ಮನೆ ಇಳಿದು ತೆಪ್ಪಗಿರುವುದಿಲ್ಲ. ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಒಂದು ಸಾಧಾರಣ ಚಾಡಿ ಮಾತು ಮುಗಿಯುವುದರೊಳಗೆ ಆ ಸಂದಿಗೆ ನೂರು ಸಲ ಜಗ್ಗಾಟ. ಬರೀ ಮರ್ಯಾದೆ ಎಷ್ಟು ದಿನ ತಡೆದೀತು? ಅಲ್ಲಿ ಅವನು ಕಾಲಿಗೊಂದರಂತೆ ಉದ್ದನೆಯ ಉಕ್ಕಿನ ಸ್ಕ್ರೂ ಆಳಕ್ಕೆ ಇಳಿಸಿ, ಅದರ ತಲೆಯ ಮೇಲೆ ಅದೇ ಮರದ ದುಂಡು ಬಿರಡೆ ಬಡಿದು, ಉಜ್ಜಿ, ಮೇಣ ಹಚ್ಚಿ, ಶಿಲುಬೆಯ ಗುರುತು ಹಾಕಿಕೊಂಡು, ಕುರ್ಚಿಯನ್ನು ಬೋರ್ಡಿನ ಕೆಳಗೆ ಇಡುತ್ತಿದ್ದ.

ಈ ಸ್ಕ್ರೂಗಳನ್ನು ಮನಾಗುವಾದ ದೋನ್ ಅಪೊಲೊನಿಯೊ ಎಂಬ ಮುದುಕ ಹಳೇ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ತಿಂಗಳಿಗೊಮ್ಮೆ ತಂದುಕೊಡುತ್ತಿದ್ದ. ಸ್ಕ್ರೂ ಅಂದರೆ ಅವು! ಎಂಥ ಗಟ್ಟಿ ಮರವಾದರೂ ಸದ್ದಿಲ್ಲದೆ ಇಳಿಯುವುವು. ಇಳಿದ ಮೇಲೆ ಮರದ ಜೊತೆ ಸಂಸಾರ ಹೂಡುವುವು. ಒಮ್ಮೆ ಆ ಮುದುಕ ಬರುವುದನ್ನು ನಿಲ್ಲಿಸಿದ. ತೀರಿಹೋದನಂತೆ ಎಂದು ಬಸ್ಸಿನವರು ಹೇಳಿದರು. ಆಮೇಲೆ ಉಳಿದಿದ್ದು ಊರಿನ ಕಬ್ಬಿಣದ ಅಂಗಡಿಯೊಂದೇ. ಅಲ್ಲಿಯ ಸ್ಕ್ರೂಗಳು ನೋಡಲು ಬಂಗಾರದ ಬಣ್ಣ, ಸ್ವಭಾವದಲ್ಲಿ ಗಿಣ್ಣು. ಅರ್ಧ ಇಳಿಯುವಷ್ಟರಲ್ಲಿ ತಲೆಯ ಗೀರು ಸವೆದು ಬಟ್ಟಲಾಗುವುದು. ಸವೆಯದಿದ್ದರೆ ಕುತ್ತಿಗೆ ಮುರಿದು ಅರ್ಧ ಮೈ ಮರದೊಳಗೇ ಉಳಿಯುವುದು. ಮರದೊಳಗೆ ಮುರಿದ ಸ್ಕ್ರೂ ಬಾಯಲ್ಲಿ ಅರ್ಧಕ್ಕೆ ನಿಂತ ಮಾತಿನ ಹಾಗೆ. ಹೊರಗೂ ಬರದು, ಒಳಗೂ ಹೋಗದು, ಕೂತಾಗೊಮ್ಮೆ ಕಿರ್ರೆನ್ನುವುದು.

ಅಂಗಡಿಯವನೋ ತಮಾಷೆಯ ಪ್ರಾಣಿ. “ಅಲ್ಲ ಮೇಸ್ತ್ರಿ, ನಿಮ್ಮ ಕುರ್ಚೀಲಿ ಸ್ಕ್ರೂನೇ ಇಲ್ಲ ಅಂತ ಬೋರ್ಡ್ ಹಾಕಿದ್ದೀರ. ನಿಮಗ್ಯಾಕೆ ಇವು?”

“ಮನೆ ಬಾಗಿಲಿಗೆ.”

“ಈ ತಿಂಗಳಲ್ಲಿ ಇದು ಐದನೇ ಪೊಟ್ಟಣ. ನಿಮ್ಮನೇಲಿ ಗೋಡೆ ಇಲ್ವಾ, ಬರೀ ಬಾಗಿಲೇನಾ?”

ಇಷ್ಟಾದರೂ ಎವೆನೋರ್ ಹೇಗೋ ಕಾಲ ತಳ್ಳುತ್ತಿದ್ದ. ಆದರೆ ಆ ವರ್ಷ ದೋನ್ಯಾ ಅಸುಸೆನಾ ಒಂದು ಕುರ್ಚಿಗೆ ಹೇಳಿದಳು.

ಅಸುಸೆನಾ ಎವೆನೋರನ ಬೀದಿಯಲ್ಲೇ ಇರುವ ವಿಧವೆ. ಭಾನುವಾರ ಬೆಳಿಗ್ಗೆ ಹಂದಿಮಾಂಸ ಬೆರೆಸಿದ ಅಕ್ಕಿಯನ್ನು ಎಲೆಯಲ್ಲಿ ಕಟ್ಟಿ ಬೇಯಿಸಿ ತಮುಗ ಮಾರುತ್ತಾಳೆ. ಹಂದಿಮಾಂಸ ಎವೆನೋರನ ಹೊಟ್ಟೆಗೆ ಆಗದು. ಪ್ರತಿ ಭಾನುವಾರ ಎರಡು ಕೊಂಡು, ಒಂದನ್ನು ಅವಳ ಎದುರಿಗೇ ನಿಂತು ತಿಂದು, ಸೋಮವಾರವಿಡೀ ಮಲಗಿರುತ್ತಿದ್ದ. ಮನಾಗುವಾ ಭೂಕಂಪದಲ್ಲಿ ಕುಸಿದ ವರ್ಷ ಅವಳು ಲಾರಿಯೊಂದರಲ್ಲಿ ಹಾಸಿಗೆಯ ಮೇಲೆ ಕೂತು ಈ ಊರಿಗೆ ಬಂದ ಪುಟ್ಟ ಹುಡುಗಿ. ಲಾರಿಯ ಹಿಂಬಾಗಿಲು ಹಿಡಿದು ಅವಳನ್ನು ಕೆಳಗಿಳಿಸಿದ ಹುಡುಗ ಎವೆನೋರ್. ಆಮೇಲೆ ಅವಳು ಕಾಫಿ ತೋಟದ ಗುಮಾಸ್ತನನ್ನು ಮದುವೆಯಾದಳು, ಗುಮಾಸ್ತ ತೀರಿಕೊಂಡ, ಇವನಿಗೆ ತಲೆ ನರೆಯಿತು. ಮಾತು ಮಾತ್ರ ಲಾರಿಯ ಹಿಂಬಾಗಿಲಿನ ಹತ್ತಿರವೇ ನಿಂತಿತ್ತು.

“ಸದ್ದು ಮಾಡ್ಬಾರದು ಮೇಸ್ತ್ರಿ,” ಎಂದಿದ್ದಳು ಅಸುಸೆನಾ. “ಈಗಿರೋ ಕುರ್ಚಿ ಕೂತ್ರೆ ಅಳತ್ತೆ, ಎದ್ರೆ ಅಳತ್ತೆ. ಮನೇಲಿ ನಾನೊಬ್ಳು ಇದ್ದೀನಿ, ಅಷ್ಟು ಅಳು ಸಾಕು.”

ಒಳ್ಳೆಯ ತೂಗುಕುರ್ಚಿಗೆ ಕೂರುವವರ ಅಳತೆ ಬೇಕು. ಮಂಡಿಯಿಂದ ನೆಲಕ್ಕೆಷ್ಟು, ಮೊಣಕೈಯಿಂದ ಬೆರಳಿಗೆಷ್ಟು. ಎವೆನೋರ್ ಟೇಪು ಹಿಡಿದು ಹೋಗಿ ಅಳತೆ ತೆಗೆದುಕೊಂಡ. ಮರುದಿನ ಅಳತೆ ಮರೆತುಹೋಯಿತೆಂದು ಮತ್ತೆ ಹೋದ. ಅದರ ಮರುವಾರ, ಈ ಸೆಕೆಗೆ ಟೇಪೇ ಹಿಗ್ಗಿರಬಹುದು ಎಂಬ ವೈಜ್ಞಾನಿಕ ಸಂಶಯ ಬಂದು ಮತ್ತೊಮ್ಮೆ ಹೋದ. ಮರ ಆರಿಸಿದ, ಕೊರೆದ, ಬೆತ್ತ ಹೆಣೆದ. ಎಲ್ಲ ಆಯಿತು. ಆದರೆ ಆ ಸಂದಿಗೆ ಊರಿನ ಗಿಣ್ಣು ಸ್ಕ್ರೂ ಹಾಕಲು ಅವನಿಗೆ ಕೈ ಬರಲಿಲ್ಲ. ಕುರ್ಚಿ ಬಾಗುಮರವಿಲ್ಲದೆ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿತು. ದೋನ್ ಅಪೊಲೊನಿಯೊನ ಅಂಗಡಿಯನ್ನೇ ಹುಡುಕಿಕೊಂಡು ಹೋಗುವುದೆಂದು ಎವೆನೋರ್ ಕಡೆಗೊಮ್ಮೆ ನಿರ್ಧರಿಸಿದ.

ವಿಳಾಸ ಅವನಿಗೆ ಬಾಯಿಪಾಠವಾಗಿತ್ತು. ಮುದುಕ ಪ್ರತಿ ಸಲವೂ ಹೇಳಿ ಹೋಗುತ್ತಿದ್ದ: “ಸೋಡಾ ಕಾರ್ಖಾನೆ ಇದ್ದ ಜಾಗದಿಂದ ಕೆರೆ ಕಡೆಗೆ ಎರಡು ಬೀದಿ, ಅಲ್ಲಿಂದ ಅರ್ಧ ಬೀದಿ ಮೇಲಕ್ಕೆ.” ಮೇಲಕ್ಕೆಂದರೆ ಏರುದಾರಿಯಲ್ಲ, ಸೂರ್ಯ ಹುಟ್ಟುವ ದಿಕ್ಕು, ಅದು ಮಕ್ಕಳಿಗೂ ಗೊತ್ತು. ಮೂರು ಅಂಕಿ ಕೊಟ್ಟರೆ ಆಕಾಶದ ಯಾವ ಬಿಂದುವನ್ನಾದರೂ ಹಿಡಿಯಬಹುದು ಎಂದು ಗಣಿತಜ್ಞರು ಹೇಳುತ್ತಾರೆ. ಮನಾಗುವಾದಲ್ಲಿ ಅಂಕಿಗಳು ಕೆಲಸಕ್ಕೆ ಬರುವುದಿಲ್ಲ. ಅಲ್ಲಿಗೆ ಬೇಕಾದ್ದು ಒಂದು ಕೆರೆ, ಒಬ್ಬ ಸೂರ್ಯ, ಮತ್ತು ಈಗ ಇಲ್ಲದ ಯಾವುದಾದರೊಂದು ವಸ್ತು. ಈಗ ಇರುವ ಕಟ್ಟಡದಿಂದ ವಿಳಾಸ ಹೇಳುವುದು ಪರದೇಶದವರ ಪದ್ಧತಿ. ಇರುವುದು ನಾಳೆಯೂ ಇರುತ್ತದೆಂಬ ಭರವಸೆ ಏನು? ಹೋದದ್ದು ಮಾತ್ರ ಹೋದಲ್ಲೇ ಇರುತ್ತದೆ. “ಯಾವ ಸೋಡಾ ಕಾರ್ಖಾನೆ?” ಎಂದು ಎವೆನೋರ್ ಮುದುಕನನ್ನು ಒಮ್ಮೆಯೂ ಕೇಳಿರಲಿಲ್ಲ. ಹಾಗೆ ಕೇಳಿದರೆ ರಾಜಧಾನಿ ಕಾಣದ ಹಳ್ಳಿಗುಗ್ಗು ಎನ್ನುತ್ತಾರೆ. “ಗೊತ್ತು ಗೊತ್ತು,” ಎಂದು ತಲೆಯಾಡಿಸಿದ್ದ.

ಸ್ಕ್ರೂ ತರಲು ಹೋಗುತ್ತೇನೆಂದು ಹೇಳುವಂತಿರಲಿಲ್ಲ, ಬೋರ್ಡಿತ್ತು. ಹಲ್ಲು ನೋವೆಂದು ಅಕ್ಕ ಎರ್ಮೆಲಿಂಡಾಗೆ ಹೇಳಿ, ಇಸ್ತ್ರಿ ಅಂಗಿ ತೊಟ್ಟು, ಶನಿವಾರದ ಬಸ್ಸು ಹತ್ತಿದ. ಹಲ್ಲು ಕೀಳಿಸಲು ಹೋಗುವವನಿಗೆ ಇಸ್ತ್ರಿ ಅಂಗಿ ಯಾಕೆಂದು ಅಕ್ಕ ಆಗಲೇ ಒಂದು ಹುಬ್ಬೇರಿಸಿದ್ದಳು.

ಸೆಕೆಯ ಊರಾದ್ದರಿಂದ ಹಳೆಯ ಮನಾಗುವಾದಲ್ಲಿ ಸೋಡಾ ಕಾರ್ಖಾನೆಗಳಿಗೆ ಕೊರತೆಯಿರಲಿಲ್ಲ. ಎವೆನೋರ್ ಬಸ್‌ನಿಲ್ದಾಣದಲ್ಲಿ ಕೇಳಿದ ಮೊದಲ ಮನುಷ್ಯ ಕಣ್ಣು ತುಂಬಿಕೊಂಡು, “ಅಯ್ಯೋ, ಆ ಕಾರ್ಖಾನೆ! ಅಲ್ಲಿಯ ಕಿತ್ತಳೆ ಸೋಡಾ!” ಎಂದು ದಾರಿ ತೋರಿಸಿದ. ಆ ಜಾಗದಿಂದ ಎರಡು ಬೀದಿ ಕೆರೆಯ ಕಡೆಗೆ ನಡೆದು ಅರ್ಧ ಬೀದಿ ಮೇಲಕ್ಕೆ ತಿರುಗಿದರೆ, ಸಿಕ್ಕಿದ್ದು ಬಲೂನು ಕಟ್ಟಿದ ಛತ್ರ. ಒಳಗೆ ಯಾವುದೋ ಹುಡುಗಿಯ ಹದಿನೈದನೇ ಹುಟ್ಟುಹಬ್ಬ. ಬಾಗಿಲಲ್ಲಿ ಇಣುಕಿದವನನ್ನು ಅವಳ ಸೋದರತ್ತೆಯೊಬ್ಬಳು ತಬ್ಬಿಕೊಂಡಳು.

“ಬಂದ್ಯಾ ಮಾರಾಯ! ಎಸ್ತೆಲಿಯಿಂದ ಬಸ್ಸೇ ಇಲ್ವೇನೋ ಅಂದ್ಕೊಂಡಿದ್ವಿ! ಏ, ಚಿಕ್ಕಪ್ಪ ಬಂದ ನೋಡ್ರೇ!”

“ಇಲ್ಲಮ್ಮ, ನಾನು ಒಂದು ಅಂಗಡಿ ಹುಡುಕ್ಕೊಂಡು...”

“ಉಡುಗೊರೆ ಆಮೇಲೆ ಕೊಡುವೆಯಂತೆ, ಮೊದ್ಲು ಕುಣಿ!”

ಆ ಮನೆಯಲ್ಲಿ ಅತ್ತೆಯರು ಬಹಳ. ಎಲ್ಲರೂ ಪದ್ಧತಿಯಂತೆ ಕೆನ್ನೆಗೆ ಮುತ್ತಿಟ್ಟರು, ಎಲ್ಲರ ತುಟಿಗೂ ಬಣ್ಣವಿತ್ತು. ಹುಟ್ಟುಹಬ್ಬದ ಹುಡುಗಿಯ ಜೊತೆ ಒಂದು ಸುತ್ತು ವಾಲ್ಟ್ಸ್ ಕುಣಿಸಿ, ಕೇಕು ತಿನ್ನಿಸಿ, ಅಂಗಿಯ ಜೇಬಿಗೆ ಗುಲಾಬಿ ರಿಬ್ಬನ್ನಿನ ಹೂವೊಂದನ್ನು ಚುಚ್ಚಿ ಕಳುಹಿಸಿದರು. ನಿಜವಾದ ಚಿಕ್ಕಪ್ಪ ಎಸ್ತೆಲಿಯಿಂದ ಬಂದನೋ ಇಲ್ಲವೋ ತಿಳಿಯದು.

ಸಂಜೆ ಊರಿಗೆ ಮರಳಿದರೆ ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. “ಯಾವ ಹಲ್ಲು ಕೀಳಿಸ್ದೆ?”

“ಕೀಳಲಿಲ್ಲ ಅಕ್ಕ. ಬರೀ ನೋಡಿದ್ರು.”

“ತುಟೀಲಿ ನೋಡಿದ್ರಾ?”

ಮಾಸತೆಪೆಯಲ್ಲಿ ಸಂಜೆಯಾದರೆ ಎಲ್ಲರೂ ತೂಗುಕುರ್ಚಿಗಳನ್ನು ಬೀದಿ ಬದಿಗೆ ತಂದಿಟ್ಟು ಕೂರುತ್ತಾರೆ. ಲೋಲಕದ ಲಯ ಅದಕ್ಕೆ ಕಟ್ಟಿದ ತೂಕವನ್ನು ಅವಲಂಬಿಸುವುದಿಲ್ಲ ಎಂಬುದು ಪ್ರಯೋಗಸಿದ್ಧ. ತೂಗುಕುರ್ಚಿಯ ಲಯ ಏನನ್ನು ಅವಲಂಬಿಸುತ್ತದೆ ಎಂದು ತಿಳಿಯಬೇಕಾದರೆ ಮಾಸತೆಪೆಯ ಸಂಜೆಗೆ ಬರಬೇಕು. ಬೆಲೆ ಏರಿಕೆಯ ಸುದ್ದಿಗೆ ನಿಧಾನ, ಸಾವಿನ ಸುದ್ದಿಗೆ ಇನ್ನೂ ನಿಧಾನ, ಬೇರೆಯವರ ಮನೆಯ ಸುದ್ದಿಗೆ ಬಿರುಸು. ಎವೆನೋರನ ಕೆನ್ನೆಯ ಸುದ್ದಿ ಬಂದ ಸಂಜೆ ಇಡೀ ಬೀದಿ ದೋಣಿಸ್ಪರ್ಧೆಯಂತೆ ಕಾಣುತ್ತಿತ್ತು.

ಮುಂದಿನ ಶನಿವಾರ ಇನ್ನೊಬ್ಬರು ತೋರಿಸಿದ ಇನ್ನೊಂದು ಸೋಡಾ ಕಾರ್ಖಾನೆಯ ಜಾಗದಿಂದ ಎಣಿಸಿಕೊಂಡು ಹೋದರೆ ಸಿಕ್ಕಿದ್ದು ತಗಡಿನ ಮಾಡಿನ ಪ್ರಾರ್ಥನಾಮಂದಿರ. ಒಳಗೆ ಜನ ಕೈಯೆತ್ತಿ ಹಾಡುತ್ತಿದ್ದರು. ಬಾಗಿಲಲ್ಲಿದ್ದ ಪಾದ್ರಿ ಎವೆನೋರನ ಭುಜ ಹಿಡಿದು ಕೇಳಿದ: “ಏನು ಹುಡುಕ್ತಾ ಬಂದೆ ಅಣ್ಣ?”

ಊರಿನಿಂದ ಇಷ್ಟು ದೂರ ಬಂದಮೇಲೆ ಗುಟ್ಟೇನು ಎಂದು ಎವೆನೋರ್ ನಿಜವನ್ನೇ ಹೇಳಿದ: “ಮುರಿಯದೇ ಇರೋದು ಬೇಕಿತ್ತು. ತುಕ್ಕು ಹಿಡಿಯದೇ ಇರೋದು.”

ಪಾದ್ರಿ ಎರಡೂ ಕೈ ಮೇಲೆತ್ತಿದ. “ಕೇಳಿದ್ರಾ! ಇಷ್ಟು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಕೇಳಿರಲಿಲ್ಲ! ಅಲ್ಲೆಲೂಯ!”

“ಎಲ್ಲಿ ಸಿಗತ್ತೆ ಸ್ವಾಮಿ?”

“ಇಲ್ಲೇ ಸಿಗತ್ತೆ! ಎಷ್ಟು ವರ್ಷದಿಂದ ಹುಡುಕ್ತಿದ್ದೀಯ?”

“ಮುದುಕಪ್ಪ ತೀರಿಕೊಂಡಾಗಿಂದ.”

ಅಷ್ಟಕ್ಕೇ ಮಂದಿರದ ಹೆಂಗಸರು ಅತ್ತುಬಿಟ್ಟರು. ಅವನನ್ನು ಮುಂದೆ ಕರೆದೊಯ್ದು ತಲೆಯ ಮೇಲೆ ಕೈಯಿಟ್ಟು ಹಾಡಿದರು. ಸುತ್ತಲೂ ಅಷ್ಟು ಜನ ತನಗಾಗಿ ಅಳುವುದನ್ನು ಎವೆನೋರ್ ಜನ್ಮದಲ್ಲಿ ಕಂಡಿರಲಿಲ್ಲ. ಮೂಲೆಯಲ್ಲಿ ಅರೆಬರೆ ನಿಂತ ಕುರ್ಚಿ ನೆನಪಾಯಿತು. ಅವನೂ ಅತ್ತ. ಸಂಜೆ ಬಸ್ಸಿಳಿದಾಗ ಕಣ್ಣು ಕೆಂಪಗೆ ಊದಿಕೊಂಡಿದ್ದವು.

ಬೀದಿಯ ತೂಗುಕುರ್ಚಿಗಳ ಪೈಕಿ ಕ್ಷೌರಿಕ ವಿಲ್ಫ್ರೆದೊನ ಕುರ್ಚಿಗೆ ಹೆಚ್ಚಿನ ಅಧಿಕಾರ. ಊರಿನ ಗಂಡಸರ ತಲೆಯೆಲ್ಲ ಅವನ ಕೈಯಲ್ಲಿ. ತಲೆಯೊಳಗಿನದೂ ತನಗೇ ಗೊತ್ತೆಂದು ಅವನ ನಂಬಿಕೆ.

“ಮೊದಲ್ನೇ ವಾರ ಮುತ್ತು, ಎರಡ್ನೇ ವಾರ ಕಣ್ಣೀರು,” ಎಂದು ಅವನು ತೀರ್ಪು ಕೊಟ್ಟ. “ಮೂರ್ನೇ ವಾರ ಏನು ಅಂತ ಅನುಭವಸ್ತರಿಗೆ ಗೊತ್ತು.”

“ಏನು, ಮದುವೇನಾ?”

“ಮಂಚ. ಅವಳು ಮಂಚ ಕೇಳ್ತಾಳೆ, ಕಪಾಟು ಕೇಳ್ತಾಳೆ. ಬಡಗೀನ ಹಿಡಿದಿದ್ದಾಳೆ ನೋಡಿ, ಜಾಣೆ. ಗುಮಾಸ್ತನ್ನ ಹಿಡಿದ್ರೆ ಏನು ಸಿಗತ್ತೆ, ಪೆನ್ಸಿಲ್ಲು.”

ಗುಮಾಸ್ತನ ವಿಧವೆ ಎರಡು ಮನೆಯಾಚೆ ಕೂತಿದ್ದಳೆಂಬುದು ಅವನಿಗೆ ಆಮೇಲೆ ಹೊಳೆಯಿತು. ಅವಳ ಕುರ್ಚಿ ಒಮ್ಮೆ ಕಿರ್ರೆಂದು ನಿಂತಿತು. ಅವಳು ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಭಾನುವಾರ. ಎವೆನೋರ್ ತಮುಗಕ್ಕೆ ಹೋದರೆ ಅಸುಸೆನಾ ಎರಡನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಳು; ನಿಂತು ತಿನ್ನಲು ಎಲೆ ಹಾಸಲಿಲ್ಲ.

“ಕುರ್ಚಿ ವಿಷಯ ತಲೆ ಕೆಡಿಸ್ಕೋಬೇಡಿ ಮೇಸ್ತ್ರಿ. ನಿಮಗೆ ಈಗ ಮನಾಗುವಾದ ಕಡೆ ಕೆಲಸ ಜಾಸ್ತಿಯಂತೆ. ಪೇಟೇಲಿ ಒಂದು ನೋಡಿ ಬಂದಿದ್ದೀನಿ. ಸದ್ದಿಲ್ಲ, ಹಗುರವಾಗಿದೆ.”

“ಯಾವ ಮರದ್ದು?”

“ಪ್ಲಾಸ್ಟಿಕ್.”

ಇದಕ್ಕಿಂತ ಕಠೋರವಾದ ಮಾತನ್ನು ಹೆಣ್ಣೊಬ್ಬಳು ಬಡಗಿಯೊಬ್ಬನಿಗೆ ಹೇಳಿದ ಉದಾಹರಣೆ ಇತಿಹಾಸದಲ್ಲಿಲ್ಲ. ಎವೆನೋರ್ ಎರಡು ತಮುಗ ಹಿಡಿದುಕೊಂಡು ಮನೆಯ ದಾರಿ ತಪ್ಪಿ, ಚರ್ಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮನೆ ಸೇರಿದ.

ಆ ಸಂಜೆ ಬೀದಿಯಲ್ಲಿ ಕುರ್ಚಿಗಳೆಲ್ಲ ತೂಗತೊಡಗಿದ ಮೇಲೆ ಅವನು ಉಳಿ, ಸುತ್ತಿಗೆ ಹಿಡಿದು ನಡುಬೀದಿಗೆ ಬಂದು ನಿಂತ.

“ಎಲ್ಲರೂ ಕೇಳಿ. ನನಗೆ ಮನಾಗುವಾದಲ್ಲಿ ಯಾರೂ ಇಲ್ಲ. ನಾನು ಅಲ್ಲಿಗೆ ಹೋಗ್ತಿದ್ದದ್ದು ಸ್ಕ್ರೂ ತರೋದಕ್ಕೆ.”

ಒಂದು ಕ್ಷಣ ಎಲ್ಲ ಕುರ್ಚಿಗಳೂ ನಿಂತವು. ಆಮೇಲೆ ನಗು ಬೀದಿಯ ಆ ತುದಿಯಿಂದ ಈ ತುದಿಗೆ ಹೊರಳಿತು.

“ನೀವು ಕೂತಿರೋ ಎಲ್ಲಾ ಕುರ್ಚೀಲೂ ಸ್ಕ್ರೂ ಇದೆ! ನಾನೇ ಹಾಕಿದ್ದು! ಬೋರ್ಡು ಸುಳ್ಳು!”

“ಛೆ ಛೆ,” ಎಂದ ವಿಲ್ಫ್ರೆದೊ ಮರುಕದಿಂದ. “ನೋಡ್ರಪ್ಪ, ಎಂಥಾ ಪ್ರೀತಿ! ಆ ಹೆಂಗಸಿನ ಹೆಸರು ಕೆಡಬಾರದು ಅಂತ ತನ್ನ ಕುರ್ಚಿ ಮೇಲೇ ಅಪವಾದ ಹೊರಿಸ್ತಿದ್ದಾನೆ. ನಾನಾದ್ರೆ ನನ್ನ ಕತ್ತರಿಗೆ ಹಾಗೆ ಅನ್ನಲ್ಲ.”

“ಸುಳ್ಳಲ್ಲ ವಿಲ್ಫ್ರೆದೊ! ಏಳು, ನಿನ್ನ ಕುರ್ಚಿ ಬಿಚ್ಚಿ ತೋರಿಸ್ತೀನಿ!”

“ಇದು ನನ್ನ ಮದುವೆ ಕುರ್ಚಿ. ಮುಟ್ಟಿದ್ರೆ ನಿನ್ನ ಗಡ್ಡ ಈ ಜನ್ಮದಲ್ಲಿ ಬೋಳಿಸಲ್ಲ.”

“ನಂದು ಬಿಚ್ಚು,” ಎಂದಳು ಎರ್ಮೆಲಿಂಡಾ, ಎದ್ದು ನಿಂತು. “ತಮ್ಮನ ಮಾನ ಹೋಗೋದಾದ್ರೆ ಪೂರ್ತಿ ಹೋಗ್ಲಿ.”

ಎವೆನೋರ್ ಮಂಡಿಯೂರಿ ಉಳಿಯಿಟ್ಟು ಬಡಿದ. ಬಿರಡೆ ಹೊರಗೆ ಹಾರಿತು. ಎಲ್ಲರೂ ಬಗ್ಗಿ ನೋಡಿದರು. ಒಳಗೆ ಮರವೊಂದೇ ಇತ್ತು. ಇನ್ನೊಂದು ಕಾಲಿನ ಬಿರಡೆ ತೆಗೆದ, ಅಲ್ಲೂ ಮರ. ಆಗ ಅವನಿಗೆ ನೆನಪಾಯಿತು. ಒಳ್ಳೆಯ ಸ್ಕ್ರೂ ಮುಗಿಯುತ್ತಾ ಬಂದ ಕಾಲದಲ್ಲಿ ಮನೆಯವರಿಗೆ ಯಾಕೆ ದಂಡ ಎಂದು ಈ ಕುರ್ಚಿಗೆ ಸ್ಕ್ರೂ ಹಾಕದೆ, ನೋಟಕ್ಕೆ ಬರೀ ಬಿರಡೆ ಬಡಿದಿದ್ದ. ಅವನ ಜೀವಮಾನದಲ್ಲಿ ಬೋರ್ಡಿಗೆ ನಿಷ್ಠವಾಗಿ ಹುಟ್ಟಿದ ಏಕೈಕ ಕುರ್ಚಿ ಅದು.

ಬೀದಿಯವರು ಚಪ್ಪಾಳೆ ತಟ್ಟಿದರು. “ಬರೀ ಮರ, ಬರೀ ಮರ್ಯಾದೆ!” ಎಂದು ಯಾರೋ ಕೂಗಿದರು.

ಅವನ ಮಾತನ್ನು ಅರ್ಧವಾದರೂ ನಂಬಿದವಳು ಅಕ್ಕ ಒಬ್ಬಳೇ, ಅವಳು ಕೆಂಡವಾದಳು. “ಅಂದ್ರೆ ಊರಿಗೆಲ್ಲ ಸ್ಕ್ರೂ ಹಾಕಿ ನನಗೊಬ್ಬಳಿಗೇ ಹಾಕ್ಲಿಲ್ವೇನೋ? ನಾನು ಬಿದ್ದು ಸಾಯ್ಲಿ ಅಂತಾನಾ?”

ಈ ಗದ್ದಲದಲ್ಲಿ ಅಸುಸೆನಾ ತನ್ನ ಬಾಗಿಲಿಗೆ ಬಂದು ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಅವಳು ಕೇಳಿದ ಮೇಲೆಯೇ ಎಲ್ಲರೂ ತಿರುಗಿದರು.

“ಎಲ್ಲಿದೆ ಮೇಸ್ತ್ರಿ ನಿಮ್ಮ ಸ್ಕ್ರೂ ಅಂಗಡಿ?”

ಎವೆನೋರ್ ಮಂಡಿಯೂರಿದ್ದ ಹಾಗೇ ವಿಳಾಸ ಒಪ್ಪಿಸಿದ. “ಸೋಡಾ ಕಾರ್ಖಾನೆ ಇದ್ದ ಜಾಗದಿಂದ ಕೆರೆ ಕಡೆಗೆ ಎರಡು ಬೀದಿ, ಅರ್ಧ ಬೀದಿ ಮೇಲಕ್ಕೆ. ದೋನ್ ಅಪೊಲೊನಿಯೊ ಅಂತ ಮುದುಕ. ಆದ್ರೆ ಯಾವ ಸೋಡಾ ಕಾರ್ಖಾನೆ ಅನ್ನೋದೇ...”

“ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಕೊಂಡು ಬರ್ತಿದ್ರು ಅಲ್ವಾ?” ಎಂದಳು ಅಸುಸೆನಾ. “ಆಗ ಸೈಕಲ್ಲಿತ್ತು ಅವರಿಗೆ.”

“ನಿಮಗೆ ಗೊತ್ತಾ?”

“ಅವರ ಪಕ್ಕದ ಮನೇಲಿ ಹುಟ್ಟಿದ್ದು ನಾನು.” ಬಾಗಿಲಿನ ಚೌಕಟ್ಟನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. “ಆ ಕಡೆ ಆಮೇಲೆ ಹೋಗೇ ಇಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬನ್ನಿ. ಇಸ್ತ್ರಿ ಅಂಗಿ ಬೇಡ.”

ಇಷ್ಟು ದಿನ ಯಾರಿಂದ ಅತಿ ಜೋಪಾನವಾಗಿ ಗುಟ್ಟು ಮುಚ್ಚಿಟ್ಟಿದ್ದನೋ, ಇಡೀ ಊರಿನಲ್ಲಿ ದಾರಿ ಗೊತ್ತಿದ್ದವಳು ಅವಳೊಬ್ಬಳೇ. ಊರಿನವರಿಗೆ ಇದಾವುದೂ ತಲೆಗೆ ಹೋಗಲಿಲ್ಲ. ಅವರು ತಿಳಿದುಕೊಂಡದ್ದು ಇಷ್ಟು: ದೋನ್ಯಾ ಅಸುಸೆನಾ ಆ ಮನಾಗುವಾದವಳ ಜುಟ್ಟು ಹಿಡಿಯಲು ಹೊರಟಿದ್ದಾಳೆ. ಶನಿವಾರ ಬಸ್ಸಿನ ಹತ್ತಿರ ಅರ್ಧ ಬೀದಿಯೇ ಸೇರಿತ್ತು. ವಿಲ್ಫ್ರೆದೊ ಕಿಟಕಿಯಲ್ಲಿ ಇಣುಕಿ ಅಸುಸೆನಾಗೆ ಪಿಸುದನಿಯಲ್ಲಿ, “ಮೊದ್ಲು ಕೂದಲು ಹಿಡೀಬೇಕು, ದೋನ್ಯಾ. ವೃತ್ತಿಯಲ್ಲಿರೋನು ಹೇಳ್ತಿದ್ದೀನಿ,” ಎಂದ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಎವೆನೋರ್ ದಾರಿಯುದ್ದಕ್ಕೂ ತನ್ನ ಮೊಣಕೈ ಅವಳ ಮೊಣಕೈಗೆ ತಾಗದಂತೆ ಕಾಪಾಡಿಕೊಂಡು, ಇಳಿಯುವ ಹೊತ್ತಿಗೆ ತೋಳು ಮರಗಟ್ಟಿಸಿಕೊಂಡಿದ್ದ.

ಅಸುಸೆನಾ ಯಾರನ್ನೂ ದಾರಿ ಕೇಳಲಿಲ್ಲ. ಮೊದಲು ನಿಧಾನವಾಗಿ, ಆಮೇಲೆ ಹುಡುಗಿಯ ಹಾಗೆ ಬಿರುಸಾಗಿ ನಡೆದಳು. ಹಿಂದೆ ಎವೆನೋರ್ ಏದುತ್ತಾ ಬಂದ. ಎದುರಿಗೆ ಹುಲ್ಲು ಬೆಳೆದ ಬಯಲುಗಳು, ಮುರುಕು ಗೋಡೆಗೆ ಒರಗಿಸಿದ ತಗಡಿನ ಗುಡಿಸಲುಗಳು, ಹಗ್ಗವಿಲ್ಲದೆ ಮೇಯುವ ಒಂದು ಕುದುರೆ.

“ಸೋಡಾ ಕಾರ್ಖಾನೆ,” ಎಂದಳು, ಕುದುರೆಯ ಕಡೆ ಕೈ ತೋರಿಸಿ. “ಗೋಡೆ ಮೇಲೆ ಚಂದ್ರನ ಮೇಲೆ ಕೂತು ಸೋಡಾ ಕುಡಿಯೋ ಹುಡುಗಿ ಚಿತ್ರ ಇತ್ತು. ಇದು ಚೀನಿಯವರ ಅಂಗಡಿ. ನೆಲ್ಲಿಕಾಯಿ ಉಪ್ಪಿಗೆ ಹಾಕಿ ಕೊಡ್ತಿದ್ರು. ಇಲ್ಲಿ ಹುಷಾರು ಮೇಸ್ತ್ರಿ, ಚರಂಡಿ ಇದೆ.”

ಚರಂಡಿ ಇರಲಿಲ್ಲ. ಎವೆನೋರ್ ಹುಷಾರಾಗಿ ದಾಟಿದ.

ಎರಡು ಬೀದಿ ಕೆರೆಯ ಕಡೆಗೆ, ಅರ್ಧ ಬೀದಿ ಮೇಲಕ್ಕೆ. ಅಲ್ಲಿ ಬರೀ ನೆಲ. ಅಲ್ಲಲ್ಲಿ ಹಳೆಯ ಹೆಂಚಿನ ನೆಲಗಟ್ಟು ಹುಲ್ಲಿನ ನಡುವೆ ಕಾಣುತ್ತಿತ್ತು. ಅಸುಸೆನಾ ಒಂದು ಕಡೆ ನಿಂತು, ಹೊಸಿಲು ದಾಟುವವಳ ಹಾಗೆ ಕಾಲು ಎತ್ತಿಟ್ಟು ಒಳಗೆ ಹೋದಳು. ಎವೆನೋರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೇ ನಿಂತ. ಕರೆಯದೆ ಒಬ್ಬರ ಮನೆಯೊಳಗೆ ಹೋಗುವುದು ಹೇಗೆ?

“ಬನ್ನಿ ಮೇಸ್ತ್ರಿ,” ಎಂದಳು ಅವಳು ಸ್ವಲ್ಪ ಹೊತ್ತಾದ ಮೇಲೆ. ಅವನೂ ಕಾಲು ಎತ್ತಿಟ್ಟು ಒಳಗೆ ಹೋದ. “ಅಮ್ಮನ ಕುರ್ಚಿ ಇಲ್ಲಿರ್ತಿತ್ತು. ಕೆರೆ ಗಾಳಿ ನೇರ ಬರೋದು.”

ಗಾಳಿ ಈಗಲೂ ಬರುತ್ತಿತ್ತು. ಇಬ್ಬರೂ ಅಲ್ಲಿ ನಿಂತಿದ್ದರು.

ಪಕ್ಕದಲ್ಲೇ, ಉಳಿದ ಒಂದೇ ಗೋಡೆಗೆ ತಗಡು ಹೊದಿಸಿ ಮಾಡಿದ ಅಂಗಡಿಯಿತ್ತು. ಗಲ್ಲಾದ ಹಿಂದೆ ಕೂದಲಿಗೆ ಗುಂಗುರು ಮಾಡುವ ಸುರುಳಿ ಸುತ್ತಿಕೊಂಡ ಎಪ್ಪತ್ತರ ದಪ್ಪ ಹೆಂಗಸೊಬ್ಬಳು ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ದೋನ್ ಅಪೊಲೊನಿಯೊನ ಹೆಂಡತಿ, ದೋನ್ಯಾ ಲಿಗಿಯಾ. ಎವೆನೋರನನ್ನು ಕಂಡದ್ದೇ ಎರಡೂ ತೋಳು ಚಾಚಿದಳು.

“ಬಾರೋ ನನ್ನ ರಾಜ! ಎಷ್ಟು ದಿನ ಆಯ್ತೋ ನಿನ್ನ ನೋಡಿ! ಮರೆತೇಬಿಟ್ಯಾ ನನ್ನ?”

ಅಸುಸೆನಾ ಎವೆನೋರನ ಕಡೆ ತಿರುಗಿದಳು. ಎವೆನೋರ್ ಬೆವರಿದ. “ಆಣೆ ಮಾಡಿ ಹೇಳ್ತೀನಿ, ಈಯಮ್ಮನ್ನ ನ...ನಾನು ನೋಡೇ ಇಲ್ಲ...”

“ನೀನೂ ಬಾರೇ ನನ್ನ ರಾಣಿ!” ಎಂದಳು ಲಿಗಿಯಾ. ಬೀದಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಪೊಲೀಸಿನವನಿಗೂ ಅದೇ ಉಸಿರಿನಲ್ಲಿ ಕೂಗಿದಳು: “ಏನೋ ನನ್ನ ಬಂಗಾರ, ಮಾತಾಡಿಸ್ದೇ ಹೋಗ್ತೀಯಾ?”

ಅಸುಸೆನಾ ನಕ್ಕಳು. ಲಾರಿಯ ಹಿಂಬಾಗಿಲಿನಿಂದ ಇಳಿದಂದಿನಿಂದ ಅವಳು ಹಾಗೆ ನಕ್ಕದ್ದನ್ನು ಎವೆನೋರ್ ಕಂಡಿರಲಿಲ್ಲ. ಆಮೇಲೆ ತಾನು ಯಾರ ಮಗಳೆಂದು ಹೇಳಿದಳು. ಲಿಗಿಯಾ ಗಲ್ಲಾ ಬಿಟ್ಟು ಎದ್ದು ಬಂದು, ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಎಲ್ಲರಿಗೂ ರಾಜ ರಾಣಿ ಎನ್ನುವವಳಿಗೆ ಆಗ ಒಂದು ಮಾತೂ ಬರಲಿಲ್ಲ.

ಕಡೆಗೆ ಸ್ಕ್ರೂಗಳು ಹೊರಗೆ ಬಂದವು. ಅದೇ ಬೂದು ಉಕ್ಕು, ಅದೇ ಚೂಪು ಎಳೆ. ಗಲ್ಲಾದ ಮೇಲಿದ್ದ ಗಟ್ಟಿ ಮರದ ತುಂಡಿಗೆ ಎವೆನೋರ್ ಒಂದನ್ನು ಇಳಿಸಿದ. ಸದ್ದಿಲ್ಲದೆ ಇಳಿಯಿತು. ಅವನ ಕಣ್ಣು ಒದ್ದೆಯಾಯಿತು.

“ಎಷ್ಟು ಡಬ್ಬ ಕಟ್ಲಿ?” ಎಂದಳು ಲಿಗಿಯಾ. “ಬೇಕಾದಷ್ಟಿದೆ, ಮತ್ತೆ ತರಿಸ್ತಾನೇ ಇರ್ತೀನಿ. ನೀನು ಬರೋದೂ ಬೇಡ ನನ್ನ ರಾಜ. ತಿಂಗಳು ತಿಂಗಳು ಮಾಸತೆಪೆ ಬಸ್ಸಿಗೆ ಹಾಕಿ ಕಳಿಸ್ತೀನಿ. ಕೂತಲ್ಲಿಗೇ ಬರತ್ತೆ.”

ಒಳ್ಳೆಯ ಸರಕು, ತಪ್ಪದ ಸರಬರಾಜು, ಕೂತಲ್ಲಿಗೇ. ಜಗತ್ತಿನ ಬಡಗಿಗಳು ಸಾಯುವವರೆಗೆ ಕನವರಿಸುವ ಮಾತು ಇದು. ಎವೆನೋರ್ ಗಾಬರಿಬಿದ್ದ.

“ಬೇಡ ಬೇಡ! ಬಸ್ಸಿಗೆ ಹಾಕಬೇಡಿ. ಬಸ್ಸಲ್ಲಿ ಕಳೆದುಹೋಗತ್ತೆ. ನಾಲ್ಕು ಕೊಡಿ ಸಾಕು.”

“ನಾಲ್ಕು ಡಬ್ಬಾನಾ?”

“ನಾಲ್ಕು ಸ್ಕ್ರೂ.”

“ಅಲ್ಲೋ, ನಾಲ್ಕು ಸ್ಕ್ರೂಗೆ ಇಷ್ಟು ದೂರ ಬಂದ್ಯಾ? ನಿನ್ನ ತಲೇಲೇ ಒಂದು ಸಡಿಲ ಇದೆ ಕಣೋ!”

ಕಾಗದದ ಪೊಟ್ಟಣವನ್ನು ಜೇಬಿಗಿಟ್ಟುಕೊಂಡು ಎವೆನೋರ್ ಹೊರಗೆ ಬಂದ. ಅಸುಸೆನಾ ತನ್ನ ಮನೆಯ ಹೊಸಿಲಿದ್ದ ಜಾಗದಲ್ಲಿ, ಕೆರೆಯ ಗಾಳಿಗೆ ಮುಖ ಕೊಟ್ಟು ನಿಂತಿದ್ದಳು. ಒಳಗಿನ ಮಾತೆಲ್ಲ ಅವಳಿಗೆ ಕೇಳಿತ್ತು.

“ನಾಲ್ಕು ಅಂದ್ರೆ ಒಂದೇ ಕುರ್ಚಿಗೆ,” ಎಂದಳು ತಿರುಗದೆಯೇ. “ಮುಗಿದ ಮೇಲೆ?”

“ಮತ್ತೆ ಬರಬೇಕು.”

“ಒಬ್ರೇ ಬಂದ್ರೆ ದಾರಿ ತಪ್ಪಲ್ವಾ?”

“ತಪ್ಪತ್ತೆ. ಖಂಡಿತ ತಪ್ಪತ್ತೆ.”

ಅವಳು ಎದುರಿನ ಬಯಲನ್ನು ಇನ್ನೊಂದಷ್ಟು ಹೊತ್ತು ನೋಡಿದಳು.

“ಹಾಗಾದ್ರೆ ಎರಡೇ ತಗೋಬೇಕಿತ್ತು ಕಣೋ ನೀನು.”